ಬದನಿಕೆ ಹಕ್ಕಿ

ಕಕ್ಕಬ್ಬೆಯಲ್ಲಿ ಬೆಳಗಿನ ಆರೂವರೆಗೆ ನನ್ನ ಕೆಲಸ ಶುರು.
ಹೋಂಸ್ಟೇಯ ಅತಿಥಿಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ
ಫೋನುಗಳನ್ನು ಬಿದಿರು ಬುಟ್ಟಿಗೆ ಹಾಕಿಸಿ ಹೇಳುತ್ತೇನೆ:
ಇಲ್ಲಿಂದ ತೋಡಿನವರೆಗೆ ಮಾತಿಲ್ಲ.
ಕಾಲಡಿಯ ಮಣ್ಣು ನೋಡಿ. ಉಸಿರು ನೋಡಿ.
ಈಗ ಏನಿದೆಯೋ ಅಷ್ಟನ್ನೇ ಕೇಳಿ.

ತಲೆಗೆ ಮುನ್ನೂರು ರೂಪಾಯಿ. ಅರ್ಧ ನಾಣಯ್ಯನಿಗೆ.

ಒಳ್ಳೆಯ ಗುರು ನಾನು, ಬಂದವರೆಲ್ಲ ಹೇಳುತ್ತಾರೆ.
ಹಾವಸೆಯ ಮೇಲಿನ ಹನಿ ಯಾವ ಕಡೆ ಜಾರೀತು,
ಏಲಕ್ಕಿ ಬುಡದಲ್ಲಿ ರಾತ್ರಿ ಯಾರು ಮಲಗಿ ಎದ್ದು ಹೋದರು,
ಕಾಫಿ ಎಲೆಗಳನ್ನು ಕೆಂಜಿರುವೆ ಹೇಗೆ ಹೊಲಿಯುತ್ತದೆ,
ಎಲ್ಲ ತೋರಿಸಬಲ್ಲೆ, ಬೆರಳೆತ್ತದೆ, ಬರೀ ನಿಂತು.
ನಾನು ನಿಂತರೆ ಅವರೂ ನಿಲ್ಲುತ್ತಾರೆ.

ಬದನಿಕೆ ಹಕ್ಕಿ ಕೂಗಿದಾಗ
ಅವರ ಮುಖಗಳು ಒಟ್ಟಿಗೆ ಮೇಲೇಳುತ್ತವೆ.
ಅದನ್ನು ನೋಡಿ ನಾನೂ ಮುಖವೆತ್ತುತ್ತೇನೆ.

ಎರಡು ವರ್ಷವಾಯಿತು ಆ ಹಕ್ಕಿ ನನಗೆ ಕೂಗಿ.
ಹೆಬ್ಬೆರಳಿನಷ್ಟು ಜೀವ. ಮೊದಲು ಅದು ಹೋಯಿತು,
ಆಮೇಲೆ ಜೀರುಂಡೆ,
ಆಮೇಲೆ ಅಡುಗೆಮನೆಯಿಂದ ಬರುವ ಮಾತಿನ
‘ಸ’ಗಳು, ‘ಚ’ಗಳು.
ಪೂವಕ್ಕ ಸಕ್ಕರೆ ಅಂದದ್ದು ಅಕ್ಕರೆ ಎಂದು ಕೇಳಿ
ನಕ್ಕು ಹತ್ತಿರ ಹೋದದ್ದೂ ಉಂಟು.

ಮಡಿಕೇರಿ ಆಸ್ಪತ್ರೆಗೆ ಬರೆದುಕೊಟ್ಟ ಚೀಟಿ
ಹೋದ ಹುತ್ತರಿಯಿಂದ ಪಂಚಾಂಗದ ನಡುವೆ ಇದೆ.
ಕೊಯ್ಲು ಮುಗಿಯಲಿ ಅಂದೆ. ಮುಗಿಯಿತು.
ಹೂಮಳೆ ಬೀಳಲಿ ಅಂದೆ. ಬಿತ್ತು,
ಎಂಟನೇ ದಿನ ತೋಟವೆಲ್ಲ ಬೆಳ್ಳಗಾಗಿ ಬೆಳಗಾಯಿತು.
ಮೊಗ್ಗು ಕಾದದ್ದು ಮಳೆಗೆ.
ನಾನು ಕಾದದ್ದು ಇನ್ನೊಂದು ನೆಪಕ್ಕೆ.

ಮರೆತಿದ್ದೆ ಅನ್ನಲೇ? ಇಲ್ಲ.
ದಿನಕ್ಕೆ ನಾಲ್ಕು ಸಲ ನೆನಪಾಗುತ್ತಿತ್ತು.
ನೆನಪಾದ ಕೂಡಲೇ ಒಂದು ಹನಿಯನ್ನೋ ಜೇಡನನ್ನೋ ಹುಡುಕಿಕೊಂಡು
ಮೈಯೆಲ್ಲ ಕಣ್ಣಾಗಿ ಕೂತುಬಿಡುತ್ತಿದ್ದೆ.
ಹಾಗೆಯೇ ಕಲಿತದ್ದು ನಾನು, ಇಷ್ಟು ಚೆನ್ನಾಗಿ,
ನೋಡುವುದನ್ನು.

ಚಿಕ್ಕಂದಿನಲ್ಲಿ ನಮ್ಮ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ
‘ನಾಳೆ ಬಾ’ ಎಂದು ಬರೆದಿದ್ದರು.
ದೆವ್ವ ಬಂತು, ಓದಿತು, ಹೋಯಿತು.
ಅಕ್ಷರ ಬಲ್ಲದ್ದು, ಪಾಪ, ಕೊಟ್ಟ ಮಾತು ಮೀರದ್ದು.
ನಾನೂ ಅದನ್ನೇ ಬರೆದುಕೊಂಡೆ, ಕಿವಿಯ ಹೊರಗೆ.
ಒಳಗೆ ಬಂದು ಕೂತಾಗಿರುವುದು
ಅದನ್ನು ಹೇಗೆ ಓದೀತು?

ಮೊನ್ನೆ ದಾವಣಗೆರೆಯ ಹುಡುಗಿ, ಚಾರ್ವಿ,
ಒಂಬತ್ತೋ ಹತ್ತೋ ವಯಸ್ಸು,
ಸಂಕದ ನಡುವೆ ನಿಂತು, ನಿಯಮ ಮುರಿದು ಕೇಳಿದಳು:
“ಅಂಕಲ್, ಎಷ್ಟು ಸಲ ಕೂಗಿತು?”
ಬದನಿಕೆಯ ಗೊಂಚಲಲ್ಲಿ ಎಲೆ ಅಲುಗಿದ್ದು ಐದು ಸಲ.
ಐದು, ಅಂದೆ.
ಅವಳು ನನ್ನನ್ನು ನೋಡಿದಳು,
ನಾನು ಹಾವಸೆ ನೋಡುವಂತೆ, ಅವಸರವಿಲ್ಲದೆ.
“ಅದಿನ್ನೂ ಕೂಗ್ತಾನೇ ಇದೆ,” ಅಂದಳು.

ಆ ರಾತ್ರಿ ಚೀಟಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತೆ.
ಉಸಿರು ನೋಡಿ, ಅಂದುಕೊಂಡೆ. ನಗು ಬಂತು.
ನೋಡಿದೆ.
ಎದೆಗೂಡಿನ ಕೆಳಗೆ ಏನೋ ಮುಷ್ಟಿಯಷ್ಟು ಬಿಗಿ,
ಕೈಲ್‌ಪೊಳ್ದಿನ ದಿನ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು
ಕುದುರೆ ಎಳೆಯುವ ಮುಂಚೆ ಇರುತ್ತದಲ್ಲ, ಹಾಗೆ.
ಎಷ್ಟು ವರ್ಷ, ಎಷ್ಟು ಗುಂಡು, ಎಲ್ಲ ಈ ಕಿವಿಗಳ ಪಕ್ಕದಲ್ಲೇ.
ಡಾಕ್ಟರು ಕೇಳುತ್ತಾರೆ. ಹೇಳಬೇಕು.
ಇನ್ನು ಆ ಹಕ್ಕಿ ಬರುವುದಿಲ್ಲ ಅಂದರೆ? ಅದನ್ನೂ ನೋಡಿದೆ.
ಏಳಲಿಲ್ಲ. ಜೇಡ ಹುಡುಕಲಿಲ್ಲ.
ಅದು ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ.
ಹೆಚ್ಚೇನೂ ಆಗಲಿಲ್ಲ.

ಮಂಗಳವಾರ, ಏಳೂಕಾಲರ ಬಸ್ಸು, ನಾಪೋಕ್ಲು ಮೇಲಾಸಿ.
ಗೇಟು ದಾಟಿದ ಮೇಲೆ ತಿರುಗಿದೆ, ಪೂವಕ್ಕನ ತುಟಿ ಆಡುತ್ತಿತ್ತು.
ತಲೆಯಾಡಿಸಿ ಹೋಗಿಬಿಡಬಹುದಿತ್ತು, ಅಭ್ಯಾಸವಿದೆ.
ವಾಪಸ್ಸು ನಡೆದು ಹತ್ತಿರ ಹೋಗಿ
ಕೇಳಲಿಲ್ಲ, ಏನಂದೆ? ಎಂದು ಕೇಳಿದೆ.

“ಸಕ್ಕರೆ,” ಅಂದಳು. “ಎರಡು ಕೇಜಿ.”